ಬೀಗರ ವಿಮಾನ

ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ ದೇವೀಂದ್ರಪ್ಪನ ಮಗಳು ವಿದ್ಯಾವತಿ ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ವಿಮಾನ ಇಳಿಸುತ್ತಾಳೆಂದರೆ ಊರವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಗಂಡು ಹುಡುಕತೊಡಗಿದರು. ತಾಜಸುಲ್ತಾನಪುರದ ಲಲಿತಾಬಾಯಿಯ ಮಗ, ಕಾಲೇಜಿನಲ್ಲಿ ಪಾಠ ಹೇಳುವ ಸಾಯಿಕುಮಾರ, ಅವಳಿಗೂ ಹಿಡಿಸಿದ.

ಟವರಿನಲ್ಲಿ ಇರಬೇಕಾದವರಲ್ಲಿ ಅರ್ಧ ಜನವೂ ಇರಲಿಲ್ಲ. ನಿಶ್ಚಯದ ಸಂಜೆ ಅವಳ ಪಾಳಿ ಮಾಡುತ್ತೇನೆಂದಿದ್ದ ಸಹೋದ್ಯೋಗಿ ಗುಫ್ರಾನ್ ಡೆಂಗಿ ಜ್ವರದಿಂದ ಆಸ್ಪತ್ರೆ ಸೇರಿದ. ಬೆಂಗಳೂರಿನ ವಿಮಾನವೂ ತಡವಾಯಿತು. ಸಾಹೇಬರು ಫೋನಿನಲ್ಲಿ, "ನೀವು ಎದ್ದು ಹೋದ್ರ ವಿಮಾನ ಹೈದ್ರಾಬಾದಿಗೆ ಹೋಗ್ತದ. ನೀವೇ ವಿಚಾರ ಮಾಡ್ರಿ," ಎಂದರು.

ವಿದ್ಯಾವತಿ ಉಳಿದಳು. ವಿಮಾನವನ್ನು ಸುಸೂತ್ರವಾಗಿ ಇಳಿಸಿ, ಮತ್ತೆ ಏರಿಸಿ ಕಳಿಸಿ, ಜಗತ್ ವೃತ್ತದ ಹತ್ತಿರದ ತನ್ನ ಬಾಡಿಗೆ ಕೋಣೆಗೆ ಓಡಿ ಸೀರೆಯುಟ್ಟು ಕಮಲಾಪುರ ಮುಟ್ಟಿದಾಗ ಬೀಗರು ಉಂಡು ಕೂತಿದ್ದರು. ಎಲ್ಲರೂ ದಾರಿ ಕಾಯುತ್ತಿದ್ದ ಹಿರಿಯ, ಲಲಿತಾಬಾಯಿಯ ಅಣ್ಣ ಆನಂದಕುಮಾರ, ಮುಂದಿನ ಕುರ್ಚಿಯಲ್ಲಿದ್ದ.

"ನಾ ಬೆಂಗಳೂರಿಂದ ಬಂದು ಮುಟ್ಟೀನವ್ವ. ಇಲ್ಲೇ ಇದ್ದಾಕಿ, ನಿನಗ ಬರಾಕ ಆಗಲಿಲ್ಲ?"

"ನಿಮ್ಮ ವಿಮಾನ ನಾನೇ ಇಳಿಸೀನ್ರಿ."

ಯಾರೋ ನಕ್ಕರು. ಲಲಿತಾಬಾಯಿ ನಗಲಿಲ್ಲ. "ಮಂದೀನ ಇಳಸಾಕ ಹೊತ್ತದ, ಮನಿಗಿ ಬರಾಕ ಹೊತ್ತಿಲ್ಲ. ನಾಳೆ ಕೂಸಿಗಿ ಜ್ವರ ಬಂದ್ರ ಯಾವ ವಿಮಾನ ಕಾಯ್ತಿ?"

ವಿದ್ಯಾವತಿ ಸಾಯಿಕುಮಾರನ ಕಡೆ ನೋಡಿದಳು. ಅವನು ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದ. ಅತ್ತೆಯಾಗಬೇಕಿದ್ದವಳ ಮಾತಿಗಿಂತ ಅದು ಹೆಚ್ಚು ಚುಚ್ಚಿತು. ಬೀಗರು ತಂದ ಸೀರೆ, ಕಾಯಿ, ಸಕ್ಕರೆ ಬಂದ ಗಾಡಿಯಲ್ಲೇ ತಿರುಗಿ ಹೋದವು.

ಮರುವರ್ಷ ರನ್‌ವೇ ಪಕ್ಕ ಕಂಬ ನೆಟ್ಟು ಕ್ಯಾಮೆರಾ ಕೂರಿಸಿದರು. ಇನ್ನು ಮುಂದೆ ದೂರದ ನಗರವೊಂದರ ಕೊಠಡಿಯಲ್ಲಿ ಪರದೆ ನೋಡುತ್ತ ಹಲವು ಊರುಗಳ ವಿಮಾನ ಇಳಿಸುವುದೆಂದಾಯಿತು. ಸಾಹೇಬರಿಗೆ ಹಿಗ್ಗು. "ಇನ್ನ ರಜಾದ ಚಿಂತಿಲ್ಲ ನೋಡ್ರಿ. ಒಬ್ಬರು ಎದ್ರ ಇನ್ನೊಬ್ಬರು ಕೂಡ್ತಾರ."

"ಹೋದ ವರ್ಷ ಯಾಕ ಬರಲಿಲ್ರಿ ಇದು?"

ತಮಾಷೆಯೆಂದುಕೊಂಡು ಅವರು ನಕ್ಕರು. ಅವಳನ್ನು ಆ ನಗರಕ್ಕೇ ವರ್ಗ ಮಾಡಿದರು.

ಬಸ್ಸಿಗೆ ಸಾಮಾನು ಏರಿಸುತ್ತ ದೇವೀಂದ್ರಪ್ಪ ಅಷ್ಟು ದಿನ ನುಂಗಿಕೊಂಡಿದ್ದನ್ನು ಆಡಿದ. "ಅವತ್ತ ಅದು ಹೈದ್ರಾಬಾದಿಗೇ ಹೋಗಲಿ ಅನಬೇಕಿತ್ತವ್ವ ನೀ."

"ಅಂದಿದ್ರ ಆ ಹಿರ್ಯಾ ಬರ್ತಿದ್ದಿಲ್ಲ. ಅದಕ್ಕೂ ನನಗೇ ಬೈತಿದ್ರಪ್ಪ."

ಅಪ್ಪ ಕೊನೆಯ ಚೀಲ ಏರಿಸಿದ. ಆ ನಗರದ ಕೊಠಡಿಯಲ್ಲಿ ಈಗ ಅವಳಿಗೆ ಕೇಳಿದಾಗ ರಜೆ ಸಿಗುತ್ತದೆ. ಕಮಲಾಪುರಕ್ಕೆ ಮಾತ್ರ ಅವಳು ಒಮ್ಮೆಯೂ ಬಂದಿಲ್ಲ.