ಕೇಳದೆ ಕುದಿಸಿದ ಹಾಲು

ಕಾಕಾ ಅವರ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಚಹಾದ ಬಶಿ ಹಿಡಿದರೆ ಅವು ಗೋಡೆಯ ಗೂಟದಂತೆ ನೆಟ್ಟಗೆ ನಿಲ್ಲುತ್ತಿದ್ದವು. ಸೈನ್ಯದಲ್ಲಿ ಸುಬೇದಾರರಾಗಿದ್ದು ನಮ್ಮೂರು ಗೊಳಸಂಗಿಗೆ ಮರಳಿದವರು, ನಮ್ಮ ಹೆಣ್ಣುಮಕ್ಕಳ ಹಾಲಿನ ಸಂಘ ನೋಡಿಕೊಳ್ಳುತ್ತಿದ್ದರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು.

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಅಲ್ಲಿ ಹಾಲು ಅಳೆಯಲು ಸೇರಿದೆ. ಬದನೆಕಾಯಿ ಪಲ್ಯ ಮಾಡಲೂ ಅಜ್ಜನನ್ನು ಕೇಳುತ್ತಿದ್ದವಳು ನಾನು. ಸಂಘದಲ್ಲೂ ಎಲ್ಲದಕ್ಕೂ ಕಾಕಾ ಅವರ ಮುಖ ನೋಡುತ್ತಿದ್ದೆ.

“ಎಮ್ಮಿ ಹಾಲು ಕೊಡೂ ಮುಂದ ನನ್ನ ಕೇಳ್ತೈತೇನವ್ವಾ?” ಎಂದು ನಗುತ್ತಿದ್ದರು. “ಫೌಜಿನ್ಯಾಗ ಏನು ಆಗಬೇಕು ಅಂತಷ್ಟ ಹೇಳ್ತಾರ. ಹ್ಯಾಂಗ ಅನ್ನೂದು ಅಲ್ಲಿ ನಿಂತಾಂವಂದು. ಇಲ್ಲಿ ಹಾಲು ಕೆಡಬಾರದು, ಅಷ್ಟ ನನ್ನ ಹುಕುಂ. ಉಳಿದದ್ದು ನಿಂದು.”

ಒಂದು ಮಳೆಗಾಲ ಹಳ್ಳ ತುಂಬಿ ಹಾಲಿನ ಗಾಡಿ ಬರಲಿಲ್ಲ. ಹಾಲು ತಣ್ಣಗಿಡಲು ಕರೆಂಟೂ ಇರಲಿಲ್ಲ. ಕಾಕಾ ಮುದ್ದೇಬಿಹಾಳಕ್ಕೆ ಹೋಗಿದ್ದರು, ಫೋನು ಹತ್ತಲಿಲ್ಲ. ಹೆಂಗಸರೆಲ್ಲ ನನ್ನನ್ನೇ ನೋಡಿದರು. ಪಕ್ಕದ ಮನೆಯ ಬೀಬಿ ಮದುವೆಗಳಿಗೆ ಬಾಡಿಗೆ ಕೊಡುವ ದೊಡ್ಡ ಹಂಡೆಗಳನ್ನು ತರಿಸಿ, ಅಷ್ಟೂ ಹಾಲನ್ನು ಬತ್ತಿಸಿ ಖವಾ ಮಾಡಲು ಒಲೆಗಿಟ್ಟೆ. ಅದು ಗಟ್ಟಿಯಾಗುವ ಹೊತ್ತಿಗೆ ಹಳ್ಳ ಇಳಿದು ಗಾಡಿ ಬಂತು.

ಖವಾಕ್ಕೆ ಒಳ್ಳೆಯ ದರ ಸಿಗಲಿಲ್ಲ. ಸಭೆಯಲ್ಲಿ ಅಧ್ಯಕ್ಷೆ ನನ್ನ ಕಡೆ ತಿರುಗಿದರು. “ಯಾರ್ನ ಕೇಳಿ ಕುದಿಸಿದಿ? ಇಂಥಾಕಿನ್ನ ಇಟ್ಕೊಂಡ್ರ ಸಂಘ ಮುಳುಗತೈತಿ. ಬ್ಯಾರೆದಾಕಿನ್ನ ನೋಡೂಣು.”

ಆ ಕೆಲಸ ಹೋದರೆ ಮತ್ತೆ ಒಳಮನೆ, ಮಾತಿಲ್ಲದ ಹಗಲು.

ಕಾಕಾ ಎದ್ದು ನಿಂತರು. “ನನ್ನ ಹುಕುಮಿನ ಮ್ಯಾಲೆ ಕುದಿಸ್ಯಾಳ. ತೆಗೆಯೂದಿದ್ರ ನನ್ನ ತೆಗೀರಿ.”

ಅಧ್ಯಕ್ಷೆ ಆ ಮಾತು ಅಲ್ಲಿಗೇ ಬಿಟ್ಟರು. ಹೊರಗೆ ಬಂದ ಮೇಲೆ ಕಾಕಾ ನನ್ನೊಬ್ಬಳಿಗೇ ಕೇಳುವಂತೆ, “ಮೊದಲ ಅರ್ಧಾ ಹಾಲಷ್ಟ ಒಲಿಗಿಡಬೇಕಿತ್ತು. ಹಳ್ಳ ಇಳೀತೈತೇನಂತ ಒಬ್ಬಾಕಿನ್ನ ನೋಡಾಕ ಕಳಿಸಬೇಕಿತ್ತು. ಇರ್ಲಿ, ನಾಳೆ ಸಂಘದ ಕೀಲಿ ನೀನ ತಗೀ,” ಎಂದರು.

ಆಮೇಲೆ ವರ್ಷಗಟ್ಟಲೆ ಅಲ್ಲಿ ನಾನೇ ತೀರ್ಮಾನಿಸಿದೆ. ಸಂಜೆ ಅವರ ಮನೆಯ ಕಟ್ಟೆಗೆ ಹೋಗಿ, ಅಂದು ಮಾಡಿದ್ದನ್ನು ಹೇಳಿ ಬರುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು, ಅಷ್ಟೇ. ಇಡೀ ದಿನದಲ್ಲಿ ನಾನು ಮನಸ್ಸು ಬಿಚ್ಚಿ ಆಡುತ್ತಿದ್ದ ಮಾತು ಅದೊಂದೇ.

ಕಳೆದ ಚಳಿಗಾಲ ಅವರು ತೀರಿಹೋದರು. ಆ ಬೆಳಗ್ಗೆ ಹಾಲು ತೆಗೆದುಕೊಳ್ಳುವುದೋ ಬೇಡವೋ ತಿಳಿಯದೆ ಹೆಂಗಸರು ಸಂಘದ ಮುಂದೆ ನಿಂತಿದ್ದರು. ನಾನು ಬಾಗಿಲು ತೆಗೆದೆ. ಹಾಲು ಅಳೆದು, ಗಾಡಿಗೆ ಹಾಕಿಸಿ, ಆಮೇಲೆ ಅವರ ಮಣ್ಣಿಗೆ ಹೋದೆ.

ಸಂಜೆ ಕಾಲು ತಾವೇ ಆ ಕಟ್ಟೆಯ ಕಡೆ ನಡೆದವು. ಅರ್ಧ ದಾರಿಯಿಂದ ಮರಳಿ ಬಂದೆ.