ಅಳಿಸಿದ ಮೇಲೂ ಬಂದ ಹೆಸರು

ಕಂಪ್ಯೂಟರ್ ವಿಚಿತ್ರವಾಗಿ ಆಡುತ್ತಿದೆ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಅದು ತಾನಾಗಿ ಏನೂ ಮಾಡುವುದಿಲ್ಲ, ನೀವು ತಪ್ಪು ಹೇಳಿದರೆ ತಪ್ಪನ್ನೇ ಮಾಡುತ್ತದೆ ಎಂದು ದೊಡ್ಡ ಮನುಷ್ಯನ ಹಾಗೆ ಪಾಠ ಹೇಳುತ್ತಿದ್ದೆ. ದಾಂಡೇಲಿಯಲ್ಲಿ ಕಳೆದ ಒಂದು ಮಧ್ಯಾಹ್ನದ ನಂತರ ಆ ಪಾಠ ನಿಂತಿದೆ. ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾವು ಕೆಲವು ಗೆಳೆಯರು ದಾಂಡೇಲಿ, ಹಳಿಯಾಳ, ಜೊಯಿಡಾ ಸುತ್ತಲಿನ ರಕ್ತದಾನಿಗಳ ವಿವರಗಳನ್ನು ಒಂದು ಡೇಟಾಬೇಸಿನಲ್ಲಿ ಇಟ್ಟಿದ್ದೆವು. ಅದಕ್ಕೆ ನಾನೇ ಒಂದು ಫಂಕ್ಷನ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದಿದ್ದೆ. ರಕ್ತದ ಗುಂಪು, ಊರು ಕೊಟ್ಟರೆ ಸಾಕು, ಹತ್ತಿರದ ದಾನಿಯ ಹೆಸರು ಮತ್ತು ಫೋನ್ ನಂಬರನ್ನು ಹುಡುಕಿ ಕೊಡುತ್ತಿತ್ತು. ಓ ನೆಗೆಟಿವ್ ಎಂದಾಗ ಬರುತ್ತಿದ್ದದ್ದು ಒಂದೇ ಹೆಸರು, ಅಂಬೇವಾಡಿಯ ಗ್ಯಾರೇಜ್ ಮಿಸ್ತ್ರಿ ದಸ್ತಗೀರನದು. ಕರೆದರೆ ಕೈಗೆ ಹತ್ತಿದ ಗ್ರೀಸನ್ನೂ ಸರಿಯಾಗಿ ತೊಳೆಯದೆ ಓಡಿ ಬರುತ್ತಿದ್ದ, ನರ್ಸ್‌ಗಳ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ. ಹೃದಯಾಘಾತದಿಂದ ಅವನು ತೀರಿಕೊಂಡಾಗ ಅವನ ವಿವರವನ್ನು ನಾನೇ ಅಳಿಸಿದೆ. ತುಂಬ ಸಂಕಟವಾಯಿತು.

ಕೆಲವು ವಾರಗಳ ನಂತರ ಆಸ್ಪತ್ರೆಯಿಂದ ನರ್ಸ್ ಒಬ್ಬರು ಫೋನ್ ಮಾಡಿದರು. ಜೊಯಿಡಾ ಕಡೆಯ ಹೆಂಗಸೊಬ್ಬಳಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಓ ನೆಗೆಟಿವ್ ಬೇಕಿತ್ತು. “ಹುಬ್ಬಳ್ಳಿಯಿಂದ ರಕ್ತ ಬರೂದ್ರೊಳಗ ಕೈ ಮೀರಿ ಹೋಗ್ತೈತ್ರಿ ಸರ್. ಇಲ್ಲೇ ಯಾರರ ಸಿಗ್ತಾರೇನ ಲಗೂನ ನೋಡ್ರಿ,” ಎಂದರು.

ಫಂಕ್ಷನ್ ಓಡಿಸಿದೆ. ದಸ್ತಗೀರನ ಹೆಸರು ಬಂತು.

ಮೊದಲು ನನ್ನ ಮೇಲೆಯೇ ಸಿಟ್ಟು ಬಂತು, ಅಳಿಸಿದ್ದೇ ಸರಿಯಾಗಿಲ್ಲ ಎಂದುಕೊಂಡೆ. ದಾನಿಗಳ ವಿವರವಿದ್ದ ಟೇಬಲ್ ತೆರೆದು ನೋಡಿದರೆ ಅವನು ಅಲ್ಲಿರಲಿಲ್ಲ. ಫಂಕ್ಷನ್ ಒಳಗಿನ ಕ್ವೆರಿಯನ್ನು, ಅಂದರೆ ಹೆಸರು ಹುಡುಕುವ ಸಾಲನ್ನಷ್ಟೇ, ಹೊರತೆಗೆದು ಬೇರೆಯಾಗಿ ಓಡಿಸಿದೆ. ಒಂದು ಹೆಸರೂ ಬರಲಿಲ್ಲ. ಮತ್ತೆ ಫಂಕ್ಷನ್ ಕರೆದೆ, ದಸ್ತಗೀರ. ಅದನ್ನು ಕಿತ್ತುಹಾಕಿ ಗಡಿಬಿಡಿಯಲ್ಲಿ ಹೊಸದಾಗಿ ಬರೆದೆ. ಆಗಲೂ ದಸ್ತಗೀರ. ಆ ಟೇಬಲ್ ಬಿಟ್ಟರೆ ಫಂಕ್ಷನ್ ಇನ್ನೆಲ್ಲಿಂದಲೂ ಏನನ್ನೂ ಓದುತ್ತಿರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಆದರೆ ಅಲ್ಲಿ ಒಂದು ಜೀವ ಕಾಯುತ್ತಿತ್ತು, ನನ್ನ ಹತ್ತಿರ ಬೇರೆ ನಂಬರಿರಲಿಲ್ಲ. ಸತ್ತವನ ನಂಬರಿಗೆ ಫೋನ್ ಮಾಡಿದೆ.

ಎತ್ತಿದ್ದು ಅವನ ಹೆಂಡತಿ ಜುಬೇದಾ. ಹಿಂದೆ ಜನರ ಗದ್ದಲ ಕೇಳುತ್ತಿತ್ತು. ಅಂದು ದಸ್ತಗೀರನ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ, ಬಂಧುಬಳಗವೆಲ್ಲ ಮನೆಯಲ್ಲಿ ಸೇರಿತ್ತು. ನಾನು ತೊದಲುತ್ತ ಆದದ್ದನ್ನು ಹೇಳಿದೆ. ಆಕೆ ಅದನ್ನು ಅಲ್ಲಿ ಸೇರಿದ್ದವರಿಗೆ ಹೇಳಿದ್ದು ಕೇಳಿಸಿತು. ಆಮೇಲೆ ಫೋನಿನಲ್ಲಿ ಒಂದು ಗಂಡುದನಿ ಬಂತು. “ನಾ ಅವನ ತಮ್ಮರೀ, ಗೋವಾದಾಗ ಇರ್ತೇನಿ. ಈಗಷ್ಟ ಅನಮೋಡ ಘಾಟ ದಾಟಿ ಬಂದೇನಿ. ನಂದೂ ಅದ ಗ್ರೂಪ್ ಐತಿ. ಎಲ್ಲಿ ಬರ್ಲಿ ಹೇಳ್ರಿ.”

ಆ ತಮ್ಮನ ಹೆಸರು ನಮ್ಮ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಊಟಕ್ಕೂ ಕೂರದೆ ಬಂದು ರಕ್ತ ಕೊಟ್ಟ. ತಾಯಿ ಉಳಿದಳು.

ಸಂಜೆ ಅದೇ ಫಂಕ್ಷನ್ ಓಡಿಸಿದರೆ ಉತ್ತರ ಖಾಲಿ. ಅದರಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅವನ ವಿವರದ ಹಳೆಯ ಪ್ರತಿ ಕಂಪ್ಯೂಟರಿನಲ್ಲಿ ಎಲ್ಲೋ ಉಳಿದಿರಬೇಕು ಎಂದು ಬಲ್ಲ ಗೆಳೆಯರು ಹೇಳಿದರು. ನಾನೂ ಹೂಂಗುಟ್ಟಿದೆ. ಎಲ್ಲಿ ಎಂದು ಇಷ್ಟು ವರ್ಷವಾದರೂ ಯಾರೂ ತೋರಿಸಿಲ್ಲ.

ಗಂಡ ತೀರಿದ ಹೆಂಗಸು ಮನೆಯಲ್ಲೇ ಇರಬೇಕಾದ ಇದ್ದತ್ ಅವಧಿ ಮುಗಿದು ಹೊರಗೆ ಹೋಗಿ ಬರುವ ಹಾಗಾದ ಮೇಲೆ ಜುಬೇದಾ ನಮ್ಮ ಮನೆಗೆ ಬಂದರು. “ಅಣ್ಣಾರ, ಅವರ ಹೆಸರು ಬಂದಿತ್ತಂದ್ರಲ್ರಿ. ನನಗೂ ಒಮ್ಮೆ ತೋರಸ್ರಿ,” ಎಂದರು.

“ಭಾಭಿ, ಈಗ ಬರಂಗಿಲ್ರಿ,” ಎಂದೆ. ಆದರೂ ಓಡಿಸಿದೆ. ಏನೂ ಬರಲಿಲ್ಲ. ಅವರು ಕೇಳಿದರೆಂದು ಇನ್ನೊಮ್ಮೆ ಓಡಿಸಿದೆ. ಖಾಲಿ ಪರದೆಯನ್ನು ಅವರು ಬಹಳ ಹೊತ್ತು ನೋಡುತ್ತ ಕುಳಿತರು. ಆಮೇಲೆ ಎದ್ದು ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡರು.

“ಬಿಡ್ರಿ. ಈಗ ಯಾರಿಗೂ ರಕ್ತ ಬೇಕಾಗಿಲ್ಲಲ್ಲ. ಕೆಲಸ ಇಲ್ಲದ ಸುಮ್ನ ಬರೂ ಮನಷ್ಯಾ ಅಲ್ರಿ ಅವರು.”

ಆ ಫಂಕ್ಷನ್ ಇಂದಿಗೂ ಹಾಗೆಯೇ ಇದೆ. ಓ ನೆಗೆಟಿವ್ ಬೇಕೆಂದು ಫೋನ್ ಬಂದಾಗಲೆಲ್ಲ ಎಂಟರ್ ಒತ್ತುವ ಮೊದಲು ನನ್ನ ಕೈ ಒಮ್ಮೆ ನಿಲ್ಲುತ್ತದೆ. ಅವನು ಬಂದುಬಿಟ್ಟಾನೆಂಬ ಹೆದರಿಕೆಯೋ, ಬರಲಿ ಎಂಬ ಆಸೆಯೋ ನನಗೇ ಗೊತ್ತಿಲ್ಲ.