ಬಾಗಿದ ಹಿಡಿಯ ಕೋವಿ

ನನ್ನ ಗಂಡನಿಗೆ ಒಳ್ಳೆಯ ಕೋವಿಗಳಲ್ಲಿ ಆಸಕ್ತಿ ಇರಲಿಲ್ಲ. ವಿಚಿತ್ರವಾದವು ಬೇಕಿತ್ತು. ಯಾರೂ ಮಾಡದ, ಮಾಡಿದರೂ ಯಾರೂ ಕೊಳ್ಳದ, ಕೊಂಡರೂ ಒಂದು ಮೂಲೆಗೆ ಬಿಸಾಡಿದ ಕೋವಿಗಳು.

ನಾವಿದ್ದದ್ದು ಸುಬಾಂಗ್ ಜಯಾದಲ್ಲಿ. ಇವರು ಪೆಟಾಲಿಂಗ್ ಜಯಾದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಮಲೇಷ್ಯಾದಲ್ಲಿ ಕೋವಿ ಇಟ್ಟುಕೊಳ್ಳುವುದೆಂದರೆ ಸಣ್ಣ ಮಾತಲ್ಲ. ಪರವಾನಗಿಗೆ ವರ್ಷಗಟ್ಟಲೆ ಓಡಾಡಬೇಕು, ಸಿಕ್ಕಿದ ಮೇಲೂ ಪೊಲೀಸರ ಕಣ್ಣು ಅದರ ಮೇಲಿಂದ ಸರಿಯುವುದಿಲ್ಲ. ಇವರ ಕೋವಿಗಳು ಒಂದು ದಿನವೂ ನಮ್ಮ ಮನೆಗೆ ಬರಲಿಲ್ಲ. ಎಣ್ಣೆ ತಾಳೆಯ ತೋಟಗಳ ನಡುವೆ ಇದ್ದ ಶೂಟಿಂಗ್ ಕ್ಲಬ್ಬಿನ ಕಬ್ಬಿಣದ ಬಾಗಿಲಿನ ಕೋಣೆಯಲ್ಲೇ ಇರುತ್ತಿದ್ದವು. ಭಾನುವಾರ ಬೆಳಿಗ್ಗೆ ಇಬ್ಬರೂ ಹೋಗುತ್ತಿದ್ದೆವು. ಇವರು ಒಳಗೆ, ನಾನು ಕ್ಯಾಂಟೀನಿನಲ್ಲಿ ಚಹಾ ಮುಂದಿಟ್ಟುಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು.

ಮೊದಲು ಸಿಕ್ಕಿದ್ದು ಮಡಚುವ ಕೋವಿ. ಹಿಂದೆ ರಬ್ಬರ್ ತೋಟದ ಕಾವಲುಗಾರರು ಇಟ್ಟುಕೊಳ್ಳುತ್ತಿದ್ದರಂತೆ. ಕೊಡೆಯ ಹಾಗೆ ನಡುವೆ ಮಡಚಿ ಚೀಲದಲ್ಲಿ ಹಾಕಿಕೊಳ್ಳಬಹುದು. ಆಮೇಲೆ ಪೆರಾಕಿನ ಕಡೆ ಯಾರದೋ ಹಳೆಯ ಬಂಗಲೆಯಲ್ಲಿ ಮೂರು ನಳಿಗೆಯ ಕೋವಿಯೊಂದನ್ನು ಕಂಡು ಬಂದರು. ಅದರ ಕೆಳಗಿನ ನಳಿಗೆ ರೈಫಲ್ಲಿನ ಗುಂಡಿನದು, ಹಾಗಾಗಿ ಅನುಮತಿ ಸಿಗಲಿಲ್ಲ. ಬೇರೆ ಗಂಡಸರು ಕೈತಪ್ಪಿದ ಹೆಣ್ಣಿನ ಸುದ್ದಿ ಹೇಳುವ ಹಾಗೆ ಇವರು ಆ ಕೋವಿಯ ಸುದ್ದಿ ಹೇಳುತ್ತಿದ್ದರು.

ಮೂರನೆಯದು ಬಾಗಿದ ಹಿಡಿಯ ಕೋವಿ. ನಾನು ಬರೆಯಬೇಕಾಗಿರುವುದು ಅದರ ವಿಷಯ.

ಮಾಮೂಲಿ ಕೋವಿಯನ್ನು ಬಲ ಭುಜಕ್ಕೆ ಕೊಟ್ಟರೆ ನಳಿಗೆ ಬಲಗಣ್ಣಿನ ಮುಂದೆ ಬರುತ್ತದೆ. ಇದರ ಮರದ ಹಿಡಿ ಮಾತ್ರ ಭುಜದಿಂದ ಹೊರಟು, ಗಲ್ಲದ ಕೆಳಗೆ ಎಡಕ್ಕೆ ಬಾಗಿ, ನಳಿಗೆಗಳನ್ನು ತಂದು ಎಡಗಣ್ಣಿನ ಎದುರು ನಿಲ್ಲಿಸುತ್ತಿತ್ತು. ಬಲಗಣ್ಣು ಕಳೆದುಕೊಂಡ ಯಾವನೋ ತೋಟದ ದೊರೆ ತನಗೆಂದೇ ಅಳತೆ ಕೊಟ್ಟು ಮಾಡಿಸಿಕೊಂಡದ್ದು. ಎರಡು ನಳಿಗೆ, ಬಡಿದು ಗುಂಡು ಸಿಡಿಸುವ ಎರಡು ಕುದುರೆ. ಕಬ್ಬಿಣದ ಪಟ್ಟಿಗಳನ್ನು ಹುರಿ ಮಾಡಿ, ಕಾಯಿಸಿ, ಬಡಿದು ನಳಿಗೆಗಳನ್ನು ಮಾಡಿದ್ದರು. ಎಣ್ಣೆ ಸವರಿದರೆ ಮೇಲೆಲ್ಲ ಸುರುಳಿ ಸುರುಳಿ ಗೆರೆ ಏಳುತ್ತಿತ್ತು. ಈಗಿನ ಜೋರಾದ ತೋಟಾ ಹಾಕಿದರೆ ಒಡೆದೀತೆಂದು ಇವರು ಕಡಿಮೆ ಮದ್ದಿನ ತೋಟಾಗಳನ್ನು ಹುಡುಕಿ ತರಿಸುತ್ತಿದ್ದರು.

ಅದರಿಂದ ಯಾರಿಗೂ ಗುರಿ ಸಿಗುತ್ತಿರಲಿಲ್ಲ. ಕ್ಲಬ್ಬಿನಲ್ಲಿ ಇವರ ಗೆಳೆಯರಾಗಿದ್ದ ಚೀನೀ ದಂತವೈದ್ಯರೊಬ್ಬರು, "ಪಾಪ, ನಿನ್ನ ಕೋವಿಗೆ ಸೊಂಟ ನೋವು ಲಾ. ಮೊದಲು ಅದಕ್ಕೆ ಎಕ್ಸ್‌ರೇ ತೆಗೆಸು," ಎಂದು ಅಲ್ಲಿನವರ ರೂಢಿಯಂತೆ ಮಾತಿಗೊಂದು ಲಾ ಹಚ್ಚಿ ಹೇಳುತ್ತಿದ್ದರು. ಕೋವಿ ಕೋಣೆಯ ಉಸ್ತುವಾರಿ ನೋಡುತ್ತಿದ್ದವರು ಪೊಲೀಸ್ ಕೆಲಸದಿಂದ ನಿವೃತ್ತರಾದ ಮಲಯದವರು. ನಾವು ಅವರನ್ನು ಅಬಾಂಗ್, ಅಂದರೆ ಅಣ್ಣ, ಎಂದು ಕರೆಯುತ್ತಿದ್ದೆವು. "ಎದುರಿಗೆ ನಿಂತವನಿಗೆ ಏನೂ ಭಯವಿಲ್ಲ. ಪಕ್ಕದಲ್ಲಿ ನಿಂತವನು ಓಡಬೇಕು," ಎಂದು ಅವರೂ ಸೇರಿಸುತ್ತಿದ್ದರು. ಇವರೂ ನಗುತ್ತಿದ್ದರು. ನಕ್ಕು, ಮತ್ತೆ ಎತ್ತಿ ಭುಜಕ್ಕೆ ಕೊಟ್ಟು, ಮತ್ತೆ ತಪ್ಪುತ್ತಿದ್ದರು.

ಇವರು ಕೊಡಗಿನವರು, ಕೊಡವರು. ನಾನು ಹುಣಸೂರಿನ ಕಡೆಯವಳು. ನಮ್ಮ ಮನೆಯಲ್ಲಿ ಕೋವಿ ಎಂದರೆ ಪೊಲೀಸರ ಹೆಗಲ ಮೇಲೆ ಇರುವ ವಸ್ತು ಅಷ್ಟೇ. ಮದುವೆಯಾದ ಮೇಲೆ, ಕೋವಿಗೆ ಹಬ್ಬ ಇರುವ ಮನೆಗೆ ಸೇರಿದೆ. ಕೈಲ್ ಮುಹೂರ್ತದ ದಿನ ಅವರ ಊರಿನಲ್ಲಿ ನಳಿಗೆಯ ಬಾಯಿಗೆ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸುತ್ತಾರೆ. ಸುಬಾಂಗ್ ಜಯಾದಲ್ಲಿ ಆ ಹೂ ಎಲ್ಲಿಂದ ತರುವುದು? ನಮ್ಮ ಬೇಲಿಯ ದಾಸವಾಳವನ್ನೇ ಕಿತ್ತು ಕ್ಲಬ್ಬಿಗೆ ಒಯ್ಯುತ್ತಿದ್ದರು. ಅಬಾಂಗ್ ಕೋವಿಗಳನ್ನು ಮೇಜಿನ ಮೇಲೆ ಇಟ್ಟುಕೊಟ್ಟು, ಹೂ ಇಟ್ಟು ಕೈಮುಗಿಯುವ ತನಕ ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದರು.

ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಬಲಗಣ್ಣಿನ ಒಳಗೆ ರಕ್ತ ಒಸರಿತು. ಲೇಸರ್ ಮಾಡಿದರು, ಚುಚ್ಚುಮದ್ದು ಕೊಟ್ಟರು, ಮತ್ತೆ ಮಾಡಿದರು. ಕಣ್ಣು ಹೋಯಿತು. ಕೆಲವು ತಿಂಗಳು ಇವರು ಕ್ಲಬ್ಬಿನ ಸುದ್ದಿ ಎತ್ತಲಿಲ್ಲ. ಒಂದು ಭಾನುವಾರ ತಾವಾಗಿಯೇ ಹೊರಡೋಣ ಎಂದರು. ಕಾರು ನಾನೇ ಓಡಿಸಿದೆ.

ಅವತ್ತು ಕ್ಯಾಂಟೀನಿನ ಕಿಟಕಿಯಿಂದ ನೋಡಿದೆ. ಯಂತ್ರ ಗಾಳಿಗೆ ಎಸೆಯುತ್ತಿದ್ದ ಮಣ್ಣಿನ ಬಿಲ್ಲೆಗಳನ್ನು ಇವರು ಆ ಬಾಗಿದ ಕೋವಿಯಿಂದ ಒಂದಾದ ಮೇಲೊಂದು ಒಡೆಯುತ್ತಿದ್ದರು. ದಂತವೈದ್ಯರು ತಮ್ಮ ಕೋವಿ ಕೆಳಗಿಟ್ಟು ನೋಡುತ್ತ ನಿಂತಿದ್ದರು. ಇವರು ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಎದುರು ಕೂತರು.

"ನೋಡ್ದ್ಯಾ? ಇಷ್ಟು ವರ್ಷ ನಾನು ಅದನ್ನ ಸಾಕ್ತಾ ಇದೀನಿ ಅಂದ್ಕೊಂಡಿದ್ದೆ. ಅದೇ ನನಗೋಸ್ಕರ ಕಾಯ್ತಾ ಇತ್ತು."

ನನಗೆ ನಗು ಬರಲಿಲ್ಲ. ಅವತ್ತಿನಿಂದ ಆ ಕೋವಿಯನ್ನು ಕಂಡರೆ ನನಗಾಗುತ್ತಿರಲಿಲ್ಲ. ಒಂದೇ ಕಣ್ಣಿನವನಿಗೆಂದು ಮಾಡಿದ ವಸ್ತು ಕಡೆಗೂ ತನಗೆ ಬೇಕಾದವನನ್ನು ಮಾಡಿಕೊಂಡಿತು ಎಂಬ ಕೆಟ್ಟ ಯೋಚನೆ ಬಂತು. ಬಂದದ್ದು ಹೋಗಲಿಲ್ಲ.

ಕಣ್ಣಾದ ಮೇಲೆ ಮೂತ್ರಪಿಂಡ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಒಂದು ಮಧ್ಯಾಹ್ನ, ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದಾಗಲೇ ಇವರು ಆ ಮಾತು ಹೇಳಿದರು. ಇವರ ಕಡೆ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು, ಒಂದರ ಹಿಂದೆ ಒಂದು. ಗುಡ್ಡದಾಚೆಯ ಮನೆಗಳಿಗೂ ಸುದ್ದಿ ಮುಟ್ಟುತ್ತದೆ. ಕೇಳಿಸಿಕೊಂಡವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ.

"ಊರಲ್ಲಿ ಅಣ್ಣ ಹಾರಿಸ್ತಾನೆ, ಬಿಡು. ಆದ್ರೆ ಅಲ್ಲಿ ಕೇಳೋರಿಗೆ ನಾನ್ಯಾರು ಅಂತಾನೇ ಗೊತ್ತಿಲ್ಲ. ನನ್ನ ಗೊತ್ತಿರೋರು ಇಲ್ಲಿದಾರೆ. ಇಲ್ಲೂ ಎರಡು ಹಾರ್ಬೇಕು. ಬಾಗಿದ್ದರಲ್ಲೇ."

"ಈಗ ಯಾಕೆ ಆ ಮಾತು?"

"ಈಗ್ಲೇ ಹೇಳ್ಬೇಕು. ಆಮೇಲೆ ಹೇಳಕ್ಕಾಗಲ್ಲ."

ಪಕ್ಕದ ಹಾಸಿಗೆಯ ತಮಿಳು ಅಜ್ಜಿ ನಮ್ಮ ಮಾತು ಅರ್ಥವಾದ ಹಾಗೆ ತಲೆಯಾಡಿಸಿತು. ಬೇರೇನೂ ಕೇಳದ ಮನುಷ್ಯ ಇವರು. ಹಾರಿಸೋಣ ಎಂದೆ.

ಮಳೆಗಾಲ ಮುಗಿಯುವ ಮೊದಲೇ ಇವರು ಹೋದರು. ವಿದ್ಯುತ್ ಚಿತಾಗಾರದಲ್ಲಿ ಎಲ್ಲವೂ ಬೇಗ ಮುಗಿಯಿತು. ಸುದ್ದಿ ವಾಟ್ಸಾಪಿನಲ್ಲಿ ಹೋಗಿತ್ತು, ಉತ್ತರಗಳೂ ವಾಟ್ಸಾಪಿನಲ್ಲೇ ಬಂದವು. ಊರಿನಲ್ಲಿ ಇವರ ಅಣ್ಣ, ನನ್ನ ಭಾವನವರು, ಅಂಗಳದಲ್ಲಿ ನಿಂತು ಎರಡು ಗುಂಡು ಹಾರಿಸಿದರು. ಅಕ್ಕಪಕ್ಕದವರು ಓಡಿಬಂದರಂತೆ. ಬಂದವರಲ್ಲಿ ಅರ್ಧ ಜನ ಯಾರಿಗಾಗಿ ಎಂದು ಕೇಳಿದರಂತೆ. ಇದನ್ನು ಭಾವನವರೇ ಫೋನಿನಲ್ಲಿ ಹೇಳಿದರು. ಇಲ್ಲೂ ಎರಡು ಹಾರಬೇಕೆಂದು ಇವರು ಕೇಳಿದ್ದನ್ನು ನಾನು ಅವರಿಗೆ ತಿಳಿಸಿದೆ.

"ಅವನು ಹೇಳಿದ್ದು ಸರಿಯಮ್ಮ. ಇಲ್ಲಿ ಯಾರಿದಾರೆ ಅವನವರು? ನೀನು ಅಲ್ಲಿ ಹಾರಿಸು. ಅದೇನು ಕಷ್ಟ? ಮನೆ ಕೋವಿ ತಾನೆ? ನೀನು ಹಾರಿಸು, ಇಲ್ಲಾ ಮಗಳ ಕೈಲಿ ಹಾರಿಸು. ಹಾರಿಸೋವಾಗ ನಂಗೆ ಫೋನ್ ಮಾಡು. ನಾವೆಲ್ಲ ಎದ್ದು ನಿಂತ್ಕೋತೀವಿ."

ನಾನೂ ಹಾಗೆಯೇ ತಿಳಿದಿದ್ದೆ. ಕೊಡಗಿನಲ್ಲಿ ಕೋವಿ ಮನೆತನದ್ದು. ಅಪ್ಪ ಹೋದರೆ ಮಗ ಎತ್ತಿಕೊಳ್ಳುತ್ತಾನೆ. ಹೆಣ್ಣುಮಕ್ಕಳೂ ಹಾರಿಸುತ್ತಾರೆ. ಇಷ್ಟು ವರ್ಷ ಮಲೇಷ್ಯಾದಲ್ಲಿದ್ದರೂ ಆ ಒಂದು ವಿಷಯದಲ್ಲಿ ನಮ್ಮ ತಲೆ ಊರಿನಲ್ಲೇ ಇತ್ತು.

ಕೋವಿಗಳನ್ನು ಪೊಲೀಸರಿಗೆ ಒಪ್ಪಿಸಬೇಕು, ಬನ್ನಿ ಎಂದು ಕ್ಲಬ್ಬಿನಿಂದ ಕರೆ ಬಂತು. ಭಾನುವಾರವೇ ಬರುತ್ತೇನೆಂದು ಹೇಳಿ, ಭಾವನವರಿಗೂ ಆ ದಿನ ತಿಳಿಸಿದೆ. ಒಪ್ಪಿಸುವ ಮೊದಲು ಎರಡು ಗುಂಡು ಹಾರಿಸಿ ಕೊಟ್ಟರಾಯಿತು ಎಂದುಕೊಂಡು, ಇವರ ಕಪಾಟಿನಲ್ಲಿದ್ದ ಬಿಳಿ ಪಂಚೆಯೊಂದನ್ನೂ ಚೀಲದಲ್ಲಿ ಇಟ್ಟುಕೊಂಡೆ. ಹಾರಿಸುವಾಗ ಇವರದೊಂದು ಬಟ್ಟೆ ಜೊತೆಗಿರಲಿ ಎಂದು. ಮಗಳು ಪಿನಾಂಗಿನಿಂದ ಬಂದು ಕಾರು ಓಡಿಸಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಇಂಗ್ಲಿಷೇ ಬರುವುದು.

ಕೋವಿ ಕೋಣೆಯಲ್ಲಿ ಅಬಾಂಗ್ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡರು. ಪೊಲೀಸ್ ಅಧಿಕಾರಿ ಆಗಲೇ ಬಂದು ಕೂತಿದ್ದ, ವಯಸ್ಸು ನಮ್ಮ ಮಗಳಿಗಿಂತ ಸ್ವಲ್ಪ ಹೆಚ್ಚಿದ್ದೀತು. ಮಡಚುವ ಕೋವಿ, ಬಾಗಿದ ಕೋವಿ ಎರಡೂ ಮೇಜಿನ ಮೇಲಿದ್ದವು. ನಾನು ಕೇಳಬೇಕಾದ್ದನ್ನು ಕೇಳಿದೆ.

ಅಬಾಂಗ್ ಮಲಯ, ಇಂಗ್ಲಿಷ್ ಎರಡನ್ನೂ ಬೆರೆಸಿ ಮಾತಾಡುವವರು. ನನಗೆ ಕೇಳಿಸಿದ್ದನ್ನು ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ.

"ಕಾಕಾ," ಎಂದರು. ಅಕ್ಕಾ ಎಂದ ಹಾಗೆ. "ಆಗಲ್ಲ ಕಾಕಾ."

"ಎರಡೇ ಗುಂಡು ಅಬಾಂಗ್. ಇಲ್ಲೇ, ನಿಮ್ಮ ಎದುರಿಗೇ. ನಾನು ಬೇಡ, ಮಗಳು ಬೇಡ. ನೀವೇ ಹಾರಿಸಿ."

"ಪರವಾನಗಿ ಅವನ ಹೆಸರಿನಲ್ಲಿದೆ. ಅವನು ಇಲ್ಲ. ಅವನು ಹೋದ ಕ್ಷಣದಿಂದ ಈ ಕೋವಿ ಯಾರದೂ ಅಲ್ಲ. ನಾನು ತೋಟಾ ಹಾಕಿದರೆ ನನ್ನನ್ನೂ ಇವನು ಕರೆದುಕೊಂಡು ಹೋಗಬೇಕಾಗುತ್ತೆ." ಅಧಿಕಾರಿಯ ಕಡೆ ಗಲ್ಲ ಎತ್ತಿ ತೋರಿಸಿದರು. "ಇವನು ಒಳ್ಳೆ ಹುಡುಗ. ಆದರೂ ಕರೆದುಕೊಂಡು ಹೋಗ್ತಾನೆ."

ಅಧಿಕಾರಿ ತಲೆ ಬಗ್ಗಿಸಿ ಕೂತಿದ್ದ.

"ಬೇರೆ ಯಾರಾದರೂ ತಮ್ಮ ಹೆಸರಿಗೆ ಮಾಡಿಸಿಕೊಂಡರೆ?"

"ಎಲ್ಲರನ್ನೂ ಕೇಳಿದೆ. ಮಡಚುವುದನ್ನು ಒಬ್ಬ ಕೇಳಿದ್ದಾನೆ, ಸಿಗುತ್ತೋ ಇಲ್ಲವೋ. ಇದು ಯಾರಿಗೆ ಬೇಕು? ಇದರಲ್ಲಿ ಹೊಡೆಯುವವನು ಒಬ್ಬನೇ ಇದ್ದ."

"ಹಾಗಾದರೆ ಇದು?"

"ಪೊಲೀಸ್ ಉಗ್ರಾಣಕ್ಕೆ ಹೋಗುತ್ತೆ. ಆಮೇಲೆ ತುಂಡರಿಸ್ತಾರೆ."

ದಂತವೈದ್ಯರು ಬಾಗಿಲಲ್ಲಿ ಬಂದು ನಿಂತಿದ್ದರು. ತಮ್ಮ ಸ್ವಂತ ಕೋವಿಯಲ್ಲಿ ಎರಡು ಹಾರಿಸಿಕೊಡುತ್ತೇನೆ ಎಂದರು. ಅದರಲ್ಲಿ ಯಾವ ತೊಡಕೂ ಇರಲಿಲ್ಲ. ಬೇಡ ಎಂದೆ. ಆ ಮನುಷ್ಯ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ನನಗೆ ಗೊತ್ತು. ಇವರು ಕೇಳಿದ್ದು ಈ ಕೋವಿಯ ಸದ್ದು. ಇದಕ್ಕೆ ಕಡಿಮೆ ಮದ್ದಿನ ತೋಟಾ, ಅದರ ಸದ್ದೇ ಬೇರೆ. ಸ್ವಲ್ಪ ಮಂದ, ದಪ್ಪ. ಅಷ್ಟು ಭಾನುವಾರ ಹತ್ತಿ ಹಾಕಿಕೊಂಡು ಕೂತ ನನಗೂ ಅದು ಬೇರೆಯಾಗಿ ಕೇಳಿಸುತ್ತಿತ್ತು.

"ಅಮ್ಮಾ, ಲೀವ್ ಇಟ್," ಎಂದಳು ಮಗಳು. "ಅಪ್ಪಾ ವೋಂಟ್ ನೋ."

"ಅವರಿಗೆ ಗೊತ್ತಾಗ್ಲಿ ಅಂತಲ್ಲ ಹಾರಿಸೋದು," ಎಂದೆ. "ಉಳಿದೋರಿಗೆ."

ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

ಕೋವಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಕೊಡುವ ಮೊದಲು ಅದು ಖಾಲಿ ಇದೆಯೆಂದು ತೋರಿಸಬೇಕು, ಅದು ಅಲ್ಲಿನ ಕ್ರಮ. ಅಬಾಂಗ್ ಬಾಗಿದ ಕೋವಿಯನ್ನು ಎತ್ತಿ ಮಧ್ಯಕ್ಕೆ ಬಗ್ಗಿಸಿ ತೆರೆದು ಹಿಡಿದರು. ಅಧಿಕಾರಿ ಬೆರಳಿಟ್ಟು ಎರಡು ನಳಿಗೆಗಳನ್ನೂ ನೋಡಿದ. ನನ್ನನ್ನೂ ನೋಡಲು ಹೇಳಿದರು. ಬೆಳಕಿಗೆ ಹಿಡಿದ ಎರಡು ದುಂಡನೆಯ ತೂತುಗಳು, ಒಳಗೆ ಕನ್ನಡಿಯ ಹಾಗೆ ಹೊಳಪು. ಕಾಯಿಲೆಯ ಕಡೆಯ ದಿನಗಳಲ್ಲೂ ಇವರು ಇಲ್ಲಿಗೆ ಬಂದು ಇದನ್ನು ಉಜ್ಜಿ ಹೋಗಿದ್ದರು. ಅಬಾಂಗ್ ಕೋವಿ ಮುಚ್ಚಿ, ಮೂಲೆಯ ಮರಳಿನ ಡಬ್ಬಿಗೆ ಗುರಿಯಿಟ್ಟು, ಒಂದು ಕುದುರೆ ಬಿಟ್ಟರು. ಆಮೇಲೆ ಇನ್ನೊಂದು. ಬೀಗದ ಕೈ ಮೇಜಿನ ಮೇಲೆ ಬಿದ್ದಷ್ಟು ಸದ್ದು. ಅಬಾಂಗ್ ನನ್ನ ಮುಖ ನೋಡಿದರು. ಅದನ್ನೇ ಎರಡು ಎಂದು ತಿಳಿದುಕೊಳ್ಳಲಿ ಎಂದಿತ್ತೇನೋ ಅವರ ಮನಸ್ಸಿನಲ್ಲಿ. ನನ್ನಿಂದ ಆಗಲಿಲ್ಲ. ಖಾಲಿ ಕೋವಿಯ ಸದ್ದು ಆ ಕೋಣೆಯ ಬಾಗಿಲನ್ನೂ ದಾಟುವುದಿಲ್ಲ.

ಅಧಿಕಾರಿ ಎರಡೂ ಕೋವಿಗಳಿಗೆ ಚೀಟಿ ಕಟ್ಟಿ, ಕ್ಯಾನ್ವಾಸ್ ಚೀಲಕ್ಕೆ ಹಾಕಿಕೊಂಡ. ಬಾಗಿದ್ದು ಚೀಲದಲ್ಲಿ ನೆಟ್ಟಗೆ ಕೂರಲಿಲ್ಲ. ಬಾಯಿ ಕಟ್ಟಲಾಗದೆ ಹಿಡಿ ಹೊರಗೆ ಚಾಚಿಕೊಂಡಿತು. ಹಾಗೆಯೇ ಎತ್ತಿಕೊಂಡು ಹೋದ.

ಮಗಳು ಕಾರು ತರಲು ಹೋದಳು. ನಾನು ಜಗಲಿಯಲ್ಲಿ ನಿಂತು ಭಾವನವರಿಗೆ ಫೋನ್ ಹಚ್ಚಿದೆ. ಆಗಲಿಲ್ಲ ಎಂದು ಹೇಳಿಬಿಡಬೇಕಿತ್ತು.

"ಹಲೋ ಭಾವ..." ಎಂದೆ.

ಅಷ್ಟರಲ್ಲಿ ಕೆಳಗಿನ ಮೈದಾನದಲ್ಲಿ ಆಟ ಶುರುವಾಯಿತು. ಯಾರೋ ಜೋಡಿ ಬಿಲ್ಲೆ ಹೊಡೆಯುತ್ತಿದ್ದರು. ಯಂತ್ರ ಎರಡು ಬಿಲ್ಲೆಗಳನ್ನು ಒಟ್ಟಿಗೆ ಎಸೆಯುತ್ತದೆ, ಹೊಡೆಯುವವನು ಒಂದರ ಹಿಂದೆ ಒಂದು ಗುಂಡು ಬಿಡುತ್ತಾನೆ.

ಢಂ. ಢಂ.

"ಕೇಳಿಸ್ತು!" ಎಂದರು ಭಾವನವರು. "ಕೇಳಿಸ್ತಮ್ಮ, ಚೆನ್ನಾಗಿ ಕೇಳಿಸ್ತು!" ಆಮೇಲೆ ಫೋನಿನಿಂದ ಮುಖ ತಿರುಗಿಸಿ, "ಏಳ್ರೋ, ಎಲ್ಲಾ ಏಳಿ, ಹಾರಿಸಿದ್ರು," ಎಂದು ಕೂಗಿದ್ದು, ಕುರ್ಚಿಗಳು ಸರಿದದ್ದು, ಒಬ್ಬ ಹೆಂಗಸು ಅತ್ತದ್ದು ಎಲ್ಲ ನನಗೆ ಕೇಳಿಸಿತು.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು.

"ಅಲ್ಲ ಭಾವ," ಎಂದೆ. "ಅದು ನಮ್ಮದಲ್ಲ. ಯಾರೋ ಆಡ್ತಾ ಇದಾರೆ. ನಮಗೆ ಬಿಡಲಿಲ್ಲ. ಕೋವಿ ತಗೊಂಡು ಹೋದ್ರು."

ಮತ್ತೆ ಎರಡು ಹಾರಿದವು.

"ಇದು?"

"ಇದೂ ಅಲ್ಲ."

ಮತ್ತೆ ಎರಡು. ತಾಳೆ ತೋಟದ ಮೇಲಿಂದ ಹಕ್ಕಿಗಳು ಎದ್ದು, ಸುತ್ತು ಹೊಡೆದು, ಅಲ್ಲೇ ಕೂತವು. ಅವಕ್ಕೆ ಅಭ್ಯಾಸವಾಗಿತ್ತು.

"ಮತ್ತೆ ಯಾರಿಗಮ್ಮ ಅಷ್ಟೊಂದು?"

"ಯಾರಿಗೂ ಅಲ್ಲ ಭಾವ."

ಆ ಕಡೆ ಜನ ಒಬ್ಬೊಬ್ಬರಾಗಿ ಕೂರುವುದು ಕೇಳಿಸಿತು. ಭಾವನವರು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಮಗಳು ಕಾರು ತಂದು ನಿಲ್ಲಿಸಿ ನನಗಾಗಿ ಬಾಗಿಲು ತೆರೆದಳು. ಮೈದಾನದಲ್ಲಿ ಎರಡೆರಡೇ ಹಾರುತ್ತಲೇ ಇದ್ದವು.